ಕಾವ್ಯವಾಚನ ಸಭೆಯೂ ಚರಿತ್ರೆಯ ಆಧಾರವೂ: ಧಾರವಾಡದ ನಿದರ್ಶನ

ಸಾಹಿತ್ಯಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಅಚ್ಚಾದ ಗ್ರಂಥವನ್ನೇ ಪ್ರಮಾಣವೆಂದು ಹಿಡಿಯುತ್ತೇವೆ. ಆದರೆ ಕವಿತೆಯು ಎಷ್ಟೋ ವೇಳೆ ಪುಸ್ತಕವಾಗುವುದಕ್ಕೆ ಮೊದಲೇ ಸಭೆಯಲ್ಲಿ ಕೇಳುಗರನ್ನು ಸೇರಿರುತ್ತದೆ. ಈ ಸಂಗತಿಯನ್ನು ಧಾರವಾಡದ ನಿದರ್ಶನದಿಂದ ಪರಿಶೀಲಿಸಬಹುದು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ನಗರದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ವಿದ್ಯಾವಂತರ ವ್ಯವಹಾರದಲ್ಲಿ ಮರಾಠಿಯ ಪ್ರಾಬಲ್ಯವಿತ್ತು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಗೊಂಡಿತು. ಅಂದಿನ ಪರಿಸ್ಥಿತಿಯಲ್ಲಿ ಕನ್ನಡದ ಸಭೆಗೆ ಹೋಗಿ ಕುಳಿತುಕೊಳ್ಳುವುದೇ ಭಾಷಾಭಿಮಾನದ ಬಹಿರಂಗ ಪ್ರಕಟಣೆಯಾಗಿತ್ತು.

1920ರ ದಶಕದಲ್ಲಿ ದ. ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಬೆಳೆಯಿತು. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರು ಅದರಲ್ಲಿದ್ದರು. ಕೇಳುಗರೂ ಇಲ್ಲಿ ಬರಹಗಾರರೇ ಆಗಿದ್ದರು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರು ಕಾಲವನ್ನು ಹಕ್ಕಿಯಾಗಿ ಚಿತ್ರಿಸಿದ ತಮ್ಮ ಕವಿತೆಯನ್ನು ಹಾಡಿ ಸಭಿಕರ ಮನಸ್ಸನ್ನು ಸೆರೆಹಿಡಿದರು. ಆ ಕವಿತೆಯನ್ನೊಳಗೊಂಡ ‘ಗರಿ’ ಸಂಕಲನವು ಹೊರಬಂದುದು 1932ರಲ್ಲಿ. ಸಂಕಲನದ ವರ್ಷವನ್ನಷ್ಟೇ ನೋಡುವವನು ಕವಿತೆಯ ಮೂರು ವರ್ಷಗಳ ಬಾಳನ್ನು ಕಾಣದೆ ಹೋಗುತ್ತಾನೆ. ಮುಂದೆ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವೂ ಇಂಥದೇ ಕೂಟದ ತಾಣವಾಯಿತು.

ಕವಿಯು ಯಾವ ಧಾಟಿಯಲ್ಲಿ ಹಾಡಿದನು, ಯಾವ ಸಾಲನ್ನು ಕೇಳುಗರು ಮತ್ತೆ ಹೇಳಿಸಿದರು, ಅಚ್ಚಿಗೆ ಹೋಗುವಾಗ ಯಾವ ಪದ ಬದಲಾಯಿತು ಎಂಬುದನ್ನು ಮುದ್ರಿತ ಪುಟವು ತಿಳಿಸುವುದಿಲ್ಲ. ಇವುಗಳಿಗೆ ಆಹ್ವಾನಪತ್ರಿಕೆ, ನಡವಳಿ ಪುಸ್ತಕ, ದಿನಚರಿ, ಕಾಗದಪತ್ರಗಳೇ ಆಧಾರ. ಹಲವು ವರ್ಷಗಳ ಅನಂತರ ಬರೆದ ನೆನಪುಗಳೂ ಉಪಯುಕ್ತವೇ. ಆದರೆ ಕವಿಯ ತರುವಾಯದ ಕೀರ್ತಿಯು ಅವುಗಳಿಗೆ ಬಣ್ಣ ಕೊಟ್ಟಿರುವ ಸಂಭವವಿರುವುದರಿಂದ ಅವನ್ನು ಸಮಕಾಲೀನ ದಾಖಲೆಗಳೊಡನೆ ಹೋಲಿಸಿ ನೋಡಬೇಕು.

2013ರಲ್ಲಿ ‘ಧಾರವಾಡ ಸಾಹಿತ್ಯ ಸಂಭ್ರಮ’ವು ಆರಂಭವಾಗುವ ವೇಳೆಗೆ ಧ್ವನಿಮುದ್ರಣವು ಸುಲಭವಾಗಿತ್ತು. ಆದರೂ ಯಂತ್ರವು ವೇದಿಕೆಯ ಕಡೆಗೆ ಮುಖಮಾಡಿರುತ್ತದೆ. ಹಿಂದಿನ ಸಾಲಿನವರ ಪಿಸುಮಾತು, ಸಭೆ ಮುಗಿದ ಮೇಲೆ ಅಂಗಳದಲ್ಲಿ ನಡೆದ ವಾದ ಅದಕ್ಕೆ ದಕ್ಕುವುದಿಲ್ಲ. ಆದಕಾರಣ ಸಭೆಗೆ ಹೋಗುವ ವಿದ್ಯಾರ್ಥಿಯು ಆ ದಿನವೇ ತಾರೀಖು, ಸ್ಥಳ, ವಾಚಿಸಿದವರ ಹೆಸರು, ಕೇಳುಗರ ಪ್ರತಿಕ್ರಿಯೆ ಇವನ್ನು ಬರೆದಿಡಲಿ. ತಾನು ಕೇಳಿದ್ದನ್ನೂ ತನ್ನ ಅಭಿಪ್ರಾಯವನ್ನೂ ಬೇರೆಬೇರೆಯಾಗಿ ಗುರುತಿಸಲಿ. ಹಿರಿಯ ಕೇಳುಗರ ನೆನಪುಗಳನ್ನು ಅವರಿರುವಾಗಲೇ ಸಂಗ್ರಹಿಸುವುದು ನಮ್ಮ ವಿಭಾಗಗಳ ಕರ್ತವ್ಯ. ಅವರೊಡನೆ ಅಳಿದುಹೋದುದನ್ನು ಯಾವ ಗ್ರಂಥಭಂಡಾರವೂ ಮರಳಿ ಕೊಡಲಾರದು.