ಕೇಳುವವರಿದ್ದರೆ ಕಷ್ಟ ಹಗುರ

ಧಾರ್ಮಿಕ ಪತ್ರಿಕೆಯಲ್ಲಿ ದೂರದ ಸ್ವೀಡನ್ ದೇಶದ ನಗೆಗಾದಂಬರಿಯ ಪ್ರಸ್ತಾಪವೇಕೆ ಎಂದು ಕೆಲವು ಓದುಗ ಬಂಧುಗಳು ಹುಬ್ಬೇರಿಸಬಹುದು. ದಯೆಯ ಮಾತು ಯಾವ ನಾಡಿನಿಂದ ಬಂದರೂ ಶರಣ ಸಂಸ್ಕೃತಿಗೆ ಅದು ಪರಕೀಯವಲ್ಲವೆಂಬುದು ನಮ್ಮ ಭಾವನೆ. ಫ್ರೆಡ್ರಿಕ್ ಬ್ಯಾಕ್‌ಮನ್ ಅವರ ಈ ಕಾದಂಬರಿ ಸ್ವೀಡಿಷ್ ಭಾಷೆಯಲ್ಲಿ 2019ರಲ್ಲಿ ಪ್ರಕಟವಾಯಿತು. ನೀಲ್ ಸ್ಮಿತ್ ಅವರ ಇಂಗ್ಲಿಷ್ ಅನುವಾದವು 'ಆಂಕ್ಷಸ್ ಪೀಪಲ್' ಎಂಬ ಹೆಸರಿನಿಂದ 2020ರಲ್ಲಿ ಹೊರಬಂದಿತು. ಕಳವಳಗೊಂಡ ಜನರು ಎಂಬುದು ಆ ಹೆಸರಿನ ಅರ್ಥ.

ಕಥೆ ನಡೆಯುವುದು ಒಂದು ಚಿಕ್ಕ ಪಟ್ಟಣದಲ್ಲಿ, ವರ್ಷ ಮುಗಿಯುವ ಹೊತ್ತಿನಲ್ಲಿ. ಮುಖ ಮರೆಸಿಕೊಂಡು, ಕೈಯಲ್ಲಿ ಪಿಸ್ತೂಲು ಹಿಡಿದು ಬ್ಯಾಂಕಿಗೆ ಬಂದ ವ್ಯಕ್ತಿ ಕೇಳುವುದು 6,500 ಕ್ರೋನರ್ ಮಾತ್ರ. ಅದು ಮನೆಬಾಡಿಗೆಯ ಹಣ. ಆದರೆ ಆ ಬ್ಯಾಂಕು ನಗದು ವ್ಯವಹಾರವನ್ನೇ ನಿಲ್ಲಿಸಿದೆ! ದೋಚಲು ಅಲ್ಲಿ ಬಿಡಿಗಾಸೂ ಇಲ್ಲ. ಗಾಬರಿಯಿಂದ ಓಡಿ ಸಮೀಪದ ಕಟ್ಟಡವನ್ನು ಹೊಕ್ಕರೆ, ಅಲ್ಲಿ ಮಾರಾಟಕ್ಕಿಟ್ಟ ಮನೆಯೊಂದನ್ನು ನೋಡಲು ಜನ ನೆರೆದಿದ್ದಾರೆ. ಹೀಗೆ ಯಾರೂ ಬಯಸದೆಯೇ ಒಂದು ಒತ್ತೆಸೆರೆಯ ಪ್ರಸಂಗ ಒದಗಿಬರುತ್ತದೆ. ದರೋಡೆ ಮಾಡಲೂ ಬಾರದ ದರೋಡೆ, ಹೆದರಲೂ ಒಲ್ಲದ ಸೆರೆಯಾಳುಗಳು! ಪ್ರಾಣಭಯ ಇರಬೇಕಾದ ಕಡೆ ಇವರು ಮನೆಯ ಬೆಲೆಯನ್ನು ಕುರಿತು ಚರ್ಚಿಸುತ್ತಾರೆ, ಪರಸ್ಪರ ಜಗಳ ತೆಗೆಯುತ್ತಾರೆ.

ಅಲ್ಲಿರುವವರಲ್ಲಿ ದೋಷವಿಲ್ಲದವರು ಒಬ್ಬರೂ ಇಲ್ಲ. ರೋಜರ್ ಮತ್ತು ಅನಾ-ಲೆನಾ ನಿವೃತ್ತ ದಂಪತಿಗಳು. ಮನೆಗಳನ್ನು ಕೊಂಡು, ಸರಿಪಡಿಸಿ, ಮಾರುವುದು ಇವರ ಹವ್ಯಾಸ. ಪತಿಗೆ ವ್ಯಾಪಾರದಲ್ಲಿ ಗೆದ್ದ ಸಂತೋಷ ದೊರೆಯಲೆಂದು, ಇತರ ಗಿರಾಕಿಗಳನ್ನು ಓಡಿಸಲು ಅನಾ-ಲೆನಾ ಗುಟ್ಟಾಗಿ ಒಬ್ಬ ನಟನಿಗೆ ಕೂಲಿ ಕೊಟ್ಟಿದ್ದಾಳೆ. ಅವನೋ ಮೊಲದ ತಲೆಯ ಮುಖವಾಡ ಧರಿಸಿ ಬಚ್ಚಲುಮನೆಯಲ್ಲಿ ಅಡಗಿದ್ದಾನೆ! ನಗು ತಡೆಯಲಾಗದ ಈ ಪ್ರಸಂಗದ ಒಳಗೆ, ಪತಿಯ ಅಭಿಮಾನ ಕುಂದಬಾರದೆಂಬ ಮುದಿಜೀವದ ಪ್ರೀತಿಯೂ ಇದೆ. ಎಸ್ಟೆಲ್ ಎಂಬ ವೃದ್ಧೆ, ತನ್ನ ಗಂಡ ಕಾರು ನಿಲ್ಲಿಸಲು ಹೋಗಿದ್ದಾನೆ, ಇನ್ನೇನು ಬರುತ್ತಾನೆ ಎನ್ನುತ್ತಿರುತ್ತಾಳೆ. ಆತ ತೀರಿಹೋಗಿದ್ದಾನೆ. ಒಂಟಿ ಮನೆಯ ಮೌನವನ್ನು ಬಲ್ಲ ಹಿರಿಯರಿಗೆ ಈ ಪುಟ್ಟ ಸುಳ್ಳಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದರೋಡೆಗಾರ ಎಂದೊಡನೆ ಓದುಗನ ಮನಸ್ಸು ಗಂಡಸನ್ನೇ ಕಲ್ಪಿಸಿಕೊಳ್ಳುತ್ತದೆ. ಲೇಖಕರು ಅದನ್ನು ಬಲ್ಲರು. ಮುಖವಾಡದ ಹಿಂದೆ ಇರುವವಳು ಇಬ್ಬರು ಹೆಣ್ಣುಮಕ್ಕಳ ತಾಯಿ. ಗಂಡ ಬೇರೊಬ್ಬಳ ಪಾಲಾಗಿದ್ದಾನೆ, ಉದ್ಯೋಗವೂ ಹೋಗಿದೆ. ಬಾಡಿಗೆ ಕಟ್ಟದಿದ್ದರೆ ಸೂರು ತಪ್ಪಿ, ಮಕ್ಕಳೂ ಕೈತಪ್ಪುವ ಭಯ. ಈ ಸಂಗತಿ ತಿಳಿದ ಸೆರೆಯಾಳುಗಳೇ ಆಕೆಯನ್ನು ಪಾರುಮಾಡಲು ಒಂದಾಗುತ್ತಾರೆ.

ಆದರೆ ಕಾದಂಬರಿಯ ಹೃದಯವಿರುವುದು ಊರಿನ ಸೇತುವೆಯ ಬಳಿ. ಹತ್ತು ವರ್ಷಗಳ ಹಿಂದೆ, ಆರ್ಥಿಕ ಕುಸಿತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಒಬ್ಬಾತ ಅಲ್ಲಿಂದ ಹಾರಿ ಜೀವ ತೆತ್ತಿದ್ದಾನೆ. ತಡೆಯಲು ಯತ್ನಿಸಿ ಸೋತ ಹುಡುಗ ಜ್ಯಾಕ್, ಬೆಳೆದು ತಂದೆಯಂತೆಯೇ ಪೊಲೀಸನಾಗಿದ್ದಾನೆ. ಆ ಮನುಷ್ಯನಿಗೆ ಸಾಲ ನಿರಾಕರಿಸಿದ ಬ್ಯಾಂಕಿನ ಅಧಿಕಾರಿಣಿ ಜಾರಾ, ಆತ ಸಾಯುವ ಮುನ್ನ ತನಗೆ ಬರೆದ ಪತ್ರವನ್ನು ಒಡೆಯಲು ಧೈರ್ಯವಿಲ್ಲದೆ ಅಷ್ಟು ವರ್ಷ ಚೀಲದಲ್ಲಿಯೇ ಹೊತ್ತು ತಿರುಗಿದ್ದಾಳೆ. ಹೊರಗೆ ಸಿರಿವಂತಿಕೆಯ ಗರ್ವ, ಒಳಗೆ ಒಡೆಯದ ಲಕೋಟೆ. ಕೊನೆಗೆ ತೆರೆದಾಗ ಅದರಲ್ಲಿ ಶಾಪವಿಲ್ಲ, ಕ್ಷಮೆಯಿದೆ.

ಇದನ್ನೋದುವಾಗ ನಮ್ಮ ಪರಂಪರೆಯ ಕಥೆಗಳು ನೆನಪಾಗದಿರವು. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಒರಲುವುದನ್ನು ಕೇಳಿ ಬಸವಣ್ಣನವರು ಕರುಗಳನ್ನೂ ಹಿಂದೆಯೇ ಕಳುಹಿಸಿದರೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಕನ್ನ ಕೊರೆಯುತ್ತಿದ್ದ ಮಾರಿತಂದೆ ಶರಣನಾಗಿ ವಚನಗಳನ್ನು ರಚಿಸಿದುದೂ ಇದೇ ನಾಡಿನಲ್ಲಿ. ಕಳ್ಳತನ ಸರಿಯೆಂದು ಶರಣರು ಹೇಳಲಿಲ್ಲ, ಈ ಕಾದಂಬರಿಯೂ ಹೇಳುವುದಿಲ್ಲ. ತಪ್ಪಿಗಿಂತ ತಪ್ಪು ಮಾಡಿದ ಜೀವ ದೊಡ್ಡದೆಂಬುದಷ್ಟೇ ಎರಡರ ತಾತ್ಪರ್ಯ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಪಾತ್ರಗಳೆಲ್ಲ ಒಂದೇ ಸೇತುವೆಗೆ ಬಂದು ಕೂಡುವ ಕಾಕತಾಳೀಯಗಳು ಅತಿಯೆನಿಸುತ್ತವೆ. ಲೇಖಕರು ನಡುನಡುವೆ ಬಾಯಿ ಹಾಕಿ ಬುದ್ಧಿ ಹೇಳುವುದೂ ಕೆಲವೊಮ್ಮೆ ಹೆಚ್ಚಾಯಿತು. ಕುಟುಂಬಜೀವನದ ರೀತಿನೀತಿಗಳಲ್ಲಿ ನಮ್ಮ ಹಿರಿಯರಿಗೆ ಹೊಸದೆನಿಸುವ ಸಂಗತಿಗಳೂ ಉಂಟು. ಆದರೂ ಮನೆಯ ಹಿರಿಯರು, ಕಿರಿಯರು ಓದಿ ಮಾತನಾಡಿಕೊಳ್ಳಬೇಕಾದ ಪುಸ್ತಕವಿದು.

ಏಕೆಂದರೆ ಆ ಸೇತುವೆ ಸ್ವೀಡನ್ನಿನಲ್ಲಿ ಮಾತ್ರವಿಲ್ಲ. ಸಾಲದ ಭಾರಕ್ಕಿಂತ, ನಾಲ್ಕು ಜನರಿಗೆ ತಿಳಿದೀತೆಂಬ ಲಜ್ಜೆಯ ಭಾರಕ್ಕೆ ಕುಸಿಯುವ ರೈತ ನಮ್ಮ ಊರಿನಲ್ಲಿಯೂ ಇದ್ದಾನೆ. ಗಂಡ ಬಿಟ್ಟವಳೆಂದು ಜಾತ್ರೆ, ಮದುವೆಗಳಿಗೆ ಕರೆಯದೆ ಉಳಿದ ಮಗಳು ನಮ್ಮ ಓಣಿಯಲ್ಲಿಯೂ ಇದ್ದಾಳೆ. ಅಂಥವರು ಎದುರಾದಾಗ ಎಷ್ಟು ಸಾಲ, ಏಕೆ ಮಾಡಿದೆ ಎಂಬ ವಿಚಾರಣೆ ಮೊದಲಾಗಬಾರದು. ಊಟವಾಯಿತೇ, ರಾತ್ರಿ ನಿದ್ರೆ ಬರುತ್ತಿದೆಯೇ ಎಂದು ಕೇಳಬೇಕು. ಮನಸ್ಸು ತೀರ ಕುಗ್ಗಿದ್ದರೆ ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ಜ್ವರಕ್ಕೆ ಔಷಧಿ ತರುವಷ್ಟೇ ಸಹಜವಾದ ಕಾರ್ಯವದು.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹಕ್ಕೆ ನಮ್ಮ ಮಠಗಳು ಹೆಸರಾಗಿವೆ. ನೊಂದವರ ಮಾತಿಗೆ ಕಿವಿಗೊಡುವುದೂ ಒಂದು ದಾಸೋಹವೇ. ಅದಕ್ಕೆ ಹಣ ಬೇಡ, ಮಠವೇ ಬೇಕೆಂದೂ ಇಲ್ಲ. ಪ್ರತಿಯೊಂದು ಮನೆಯ ಪಡಸಾಲೆಯಲ್ಲಿಯೂ ಅದು ನಡೆಯಬಲ್ಲದು, ಇಂದು ಸಂಜೆಯೇ ಆರಂಭವಾಗಬಲ್ಲದು.