ಡೆಂಡ್ರಿಟಿಕ್ ಕೋಶ ಮಾಗುವ ಬಗೆ

ಚರ್ಮದಲ್ಲಿ, ಕರುಳಿನ ಒಳಪದರದಲ್ಲಿ, ಶ್ವಾಸನಾಳದ ಗೋಡೆಯಲ್ಲಿ ಕವಲು ಚಾಚಿ ಕುಳಿತಿರುವ ಡೆಂಡ್ರಿಟಿಕ್ ಕೋಶಗಳು ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರು. ಒಳನುಗ್ಗಿದ ಸೂಕ್ಷ್ಮಾಣುವಿನ ಚೂರುಗಳನ್ನು ನುಂಗಿ, ದುಗ್ಧಗ್ರಂಥಿಗೆ ಹೊತ್ತೊಯ್ದು, ಅಲ್ಲಿರುವ ಟಿ ಕೋಶಗಳಿಗೆ ತೋರಿಸುವುದು ಅವುಗಳ ಕೆಲಸ. ಆದರೆ ನುಂಗುವ ಕೋಶ ತೋರಿಸುವ ಕೋಶವಾಗಬೇಕಾದರೆ ಮೊದಲು ಅದು ಮಾಗಬೇಕು. ಅದನ್ನು ಮಾಗಿಸುವುದು ಸೂಕ್ಷ್ಮಾಣುವಿನ ಸ್ಪರ್ಶ ಮಾತ್ರವಲ್ಲ. ನೆರೆಯ ಕೋಶಗಳು ಸ್ರವಿಸುವ ಸೈಟೊಕೈನ್ ಎಂಬ ಸಂದೇಶ ಪ್ರೋಟೀನ್‌ಗಳ ಪಾಲೂ ಅದರಲ್ಲಿ ದೊಡ್ಡದು. ಇಷ್ಟು ತಿಳಿಯಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1868ರಲ್ಲಿ ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಚರ್ಮದ ಚೂರಿಗೆ ಗೋಲ್ಡ್ ಕ್ಲೋರೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಹೊರಪದರದ ನಡುವೆ ಕಪ್ಪಗೆ ಕವಲೊಡೆದ ಕೋಶಗಳು ಕಂಡವು. ನರಗಳನ್ನು ಗುರುತಿಸಲೆಂದೇ ಬಳಸುತ್ತಿದ್ದ ಬಣ್ಣ ಅದು. ಹಾಗಾಗಿ ಅವು ನರಕೋಶಗಳೆಂದೇ ಅವರು ಭಾವಿಸಿದರು. ಅವುಗಳ ನಿಜವಾದ ಕೆಲಸ ನೂರು ವರ್ಷ ಕಳೆದರೂ ಗೊತ್ತಾಗಲಿಲ್ಲ.

1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಝ್ಯಾನ್ವಿಲ್ ಕೋನ್ ಅವರಿಗೆ ಇಲಿಯ ಗುಲ್ಮದಲ್ಲಿ ಇಂಥದೇ ಕವಲುಗಳ ವಿರಳ ಕೋಶವೊಂದು ಸಿಕ್ಕಿತು. ಗ್ರೀಕ್ ಭಾಷೆಯಲ್ಲಿ ಮರಕ್ಕೆ ಡೆಂಡ್ರಾನ್ ಎನ್ನುತ್ತಾರೆ. ಹೆಸರು ಬಂದದ್ದು ಅಲ್ಲಿಂದ. ಟಿ ಕೋಶಗಳನ್ನು ಬಡಿದೆಬ್ಬಿಸುವುದರಲ್ಲಿ ಇದು ಉಳಿದ ಗುಲ್ಮಕೋಶಗಳಿಗಿಂತ ಸುಮಾರು ನೂರು ಪಟ್ಟು ಸಮರ್ಥವೆಂದು 1978ರಲ್ಲಿ ಗೊತ್ತಾಯಿತು. ಇಷ್ಟಾದರೂ ಇದೊಂದು ಪ್ರತ್ಯೇಕ ಕೋಶವೆಂದು ಒಪ್ಪಲು ಅನೇಕರು ವರ್ಷಗಟ್ಟಲೆ ಹಿಂಜರಿದರು.

ಸಂದೇಶ ಪ್ರೋಟೀನ್‌ಗಳ ಕಥೆ ನಿಜವಾಗಿ ಶುರುವಾದದ್ದು 1985ರ ಒಂದು ಒಗಟಿನಿಂದ. ಗೆರೋಲ್ಡ್ ಶೂಲರ್ ಮತ್ತು ಸ್ಟೈನ್‌ಮನ್ ಇಲಿಯ ಚರ್ಮದಿಂದ 1868ರಲ್ಲಿ ಕಂಡಿದ್ದ ಬಗೆಯ ಕವಲು ಕೋಶಗಳನ್ನು, ಅಂದರೆ ಲ್ಯಾಂಗರ್‌ಹ್ಯಾನ್ಸ್ ಕೋಶಗಳನ್ನು ಬಿಡಿಸಿಕೊಂಡರು. ಆಗಷ್ಟೇ ಬಿಡಿಸಿದ ಕೋಶ ಟಿ ಕೋಶವನ್ನು ಎಬ್ಬಿಸಲಾರದಷ್ಟು ದುರ್ಬಲವಾಗಿತ್ತು. ಅದೇ ಕೋಶ ಚರ್ಮದ ಇತರ ಕೋಶಗಳ ಜೊತೆ ಗಾಜಿನ ತಟ್ಟೆಯಲ್ಲಿ ಎರಡು ಮೂರು ದಿನ ಕಳೆದರೆ ಗುಲ್ಮದ ಕೋಶಕ್ಕೆ ಸರಿಸಾಟಿಯಾಗುತ್ತಿತ್ತು. ಹೊರಗಿನಿಂದ ಯಾರೂ ಯಾವ ಔಷಧವನ್ನೂ ಹಾಕಿರಲಿಲ್ಲ. ಉತ್ತರ ತಟ್ಟೆಯೊಳಗೇ ಇತ್ತು. ಜೊತೆಗಾರರನ್ನು ತೆಗೆದು ಶುದ್ಧಗೊಳಿಸಿದ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಒಂಟಿಯಾಗಿ ಬದುಕುತ್ತಿರಲಿಲ್ಲ. ಚರ್ಮದ ಸಾಮಾನ್ಯ ಕೋಶಗಳಾದ ಕೆರಟಿನೊಸೈಟ್‌ಗಳು ಬೆಳೆದ ದ್ರವವನ್ನು ಸೇರಿಸಿದರೆ ಉಳಿದುಕೊಂಡು ಬಲಿಯುತ್ತಿದ್ದವು. ಆ ದ್ರವದಲ್ಲಿದ್ದ ಮುಖ್ಯ ಅಂಶ ಜಿಎಂ-ಸಿಎಸ್‌ಎಫ್ ಎಂಬ ಸೈಟೊಕೈನ್ ಎಂದು 1987ರಲ್ಲಿ ಖಚಿತವಾಯಿತು. ಅದರ ಜೊತೆ ಇಂಟರ್‌ಲ್ಯೂಕಿನ್-1 ಸೇರಿದರೆ ಕೋಶ ಇನ್ನಷ್ಟು ಚೆನ್ನಾಗಿ ಮಾಗುತ್ತದೆಂಬುದು ಮರುವರ್ಷ ತಿಳಿಯಿತು.

ಅಲ್ಲಿಂದಾಚೆಗೆ ಹಾದಿ ಸಲೀಸಾಯಿತು. 1992ರಲ್ಲಿ ಜಪಾನಿನ ಕಾಯೊ ಇನಾಬಾ ಮತ್ತು ಸ್ಟೈನ್‌ಮನ್ ತಂಡ ಜಿಎಂ-ಸಿಎಸ್‌ಎಫ್ ಬಳಸಿ ಇಲಿಯ ಡೆಂಡ್ರಿಟಿಕ್ ಕೋಶಗಳನ್ನು ದೊಡ್ಡ ಸಂಖ್ಯೆಯಲ್ಲಿ ಬೆಳೆಸಿತು. ಅದೇ ವರ್ಷ ಫ್ರಾನ್ಸ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತದ ಮೂಲಕೋಶಗಳಿಂದ ಮಾನವ ಕೋಶಗಳೂ ತಯಾರಾದವು. 1994ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಫೆಡೆರಿಕಾ ಸಲ್ಲುಸ್ಟೊ ಮತ್ತು ಆಂಟೋನಿಯೊ ಲಾಂಝಾವೆಕ್ಕಿಯಾ ಸಾಮಾನ್ಯ ರಕ್ತದಿಂದಲೇ ಈ ಕೋಶಗಳನ್ನು ಪಡೆದರು. ಜಿಎಂ-ಸಿಎಸ್‌ಎಫ್ ಮತ್ತು ಇಂಟರ್‌ಲ್ಯೂಕಿನ್-4 ಕೊಟ್ಟಾಗ ಎಳೆಯ ಡೆಂಡ್ರಿಟಿಕ್ ಕೋಶ ಬಂತು. ಟಿಎನ್‌ಎಫ್ ಎಂಬ ಇನ್ನೊಂದು ಸೈಟೊಕೈನ್ ಹಾಕಿದಾಗ ಅದು ಮಾಗಿತು.

ಮಾಗುವಾಗ ಕೋಶದ ಸ್ವಭಾವವೇ ಬದಲಾಗುತ್ತದೆ. ನುಂಗುವುದು ಕಡಿಮೆಯಾಗುತ್ತದೆ. ನುಂಗಿದ್ದರ ಚೂರುಗಳನ್ನು ಹಿಡಿದುಕೊಂಡ ಎಂಎಚ್‌ಸಿ ಅಣುಗಳು ಒಳಗಿನಿಂದ ಮೇಲ್ಮೈಗೆ ಬರುತ್ತವೆ. ಸಿಡಿ80, ಸಿಡಿ86 ಎಂಬ ಅಣುಗಳು ಹೆಚ್ಚುತ್ತವೆ. ಇವುಗಳ ಒಪ್ಪಿಗೆಯಿಲ್ಲದೆ ಚೂರನ್ನಷ್ಟೇ ಕಂಡ ಟಿ ಕೋಶ ಮಂಕಾಗಿಬಿಡುತ್ತದೆ. ಸಿಸಿಆರ್7 ಎಂಬ ಗ್ರಾಹಕವೂ ಮೂಡಿ, ದುಗ್ಧಗ್ರಂಥಿಯಿಂದ ಬರುವ ರಾಸಾಯನಿಕ ಸೆಳೆತದ ಜಾಡು ಹಿಡಿದು ಕೋಶ ಅತ್ತ ಹೊರಡುತ್ತದೆ.

ಮಾಗಿದೆಯೇ ಎಂಬುದಕ್ಕಿಂತ ಯಾವ ಸಂದೇಶದಡಿ ಮಾಗಿತು ಎಂಬ ಪ್ರಶ್ನೆ ದೊಡ್ಡದು. ಕೋಶ ಇಂಟರ್‌ಲ್ಯೂಕಿನ್-12 ಸ್ರವಿಸಿದರೆ ಟಿ ಕೋಶಗಳು ವೈರಾಣು, ಕ್ಷಯದಂಥ ಸೋಂಕಿನ ವಿರುದ್ಧ ಹೋರಾಟಕ್ಕಿಳಿಯುತ್ತವೆ. ಚರ್ಮ ಮತ್ತು ಶ್ವಾಸನಾಳದ ಒಳಪದರ ಸ್ರವಿಸುವ ಟಿಎಸ್‌ಎಲ್‌ಪಿ ಎಂಬ ಸೈಟೊಕೈನಿನ ಪ್ರಭಾವದಲ್ಲಿ ಮಾಗಿದ ಕೋಶ ಟಿ ಕೋಶಗಳನ್ನು ಅಲರ್ಜಿಯತ್ತ ತಿರುಗಿಸುತ್ತದೆ. ಇದು 2002ರಲ್ಲಿ ತಿಳಿಯಿತು. ಇಂಟರ್‌ಲ್ಯೂಕಿನ್-10 ಇದ್ದೆಡೆ ಕೋಶ ಅರೆಮಾಗಿದಂತೆಯೇ ಉಳಿದು ಟಿ ಕೋಶಗಳಿಗೆ ಸಹನೆಯನ್ನು ಕಲಿಸುತ್ತದೆ. ಇದು ಏಕಮುಖ ಮಾತೂ ಅಲ್ಲ: ಎಚ್ಚೆತ್ತ ಟಿ ಕೋಶ ತನ್ನ ಸಿಡಿ40 ಲಿಗ್ಯಾಂಡ್ ಎಂಬ ಅಣುವಿನ ಮೂಲಕ ಡೆಂಡ್ರಿಟಿಕ್ ಕೋಶವನ್ನು ಮತ್ತಷ್ಟು ಹುರಿದುಂಬಿಸುತ್ತದೆ.

ಈ ಜ್ಞಾನ ಚಿಕಿತ್ಸೆಯಾಗಿ ಬೆಳೆಯಿತು. 2007ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾದ ಸ್ಟೈನ್‌ಮನ್ ತಮ್ಮದೇ ಡೆಂಡ್ರಿಟಿಕ್ ಕೋಶಗಳಿಂದ ಮಾಡಿದ ಲಸಿಕೆ ಪಡೆದರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಮೂರು ದಿನಗಳ ನಂತರ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅದರ ಹಿಂದಿನ ವರ್ಷವೇ ಅಮೆರಿಕ ಪ್ರಾಸ್ಟೇಟ್ ಕ್ಯಾನ್ಸರಿಗೆ ಸಿಪುಲ್ಯೂಸೆಲ್-ಟಿ ಚಿಕಿತ್ಸೆಯನ್ನು ಒಪ್ಪಿತ್ತು. ಇದರಲ್ಲಿ ರೋಗಿಯ ರಕ್ತಕೋಶಗಳನ್ನು ಹೊರತೆಗೆದು, ಕ್ಯಾನ್ಸರಿನ ಪ್ರೋಟೀನಿಗೆ ಬೆಸೆದ ಜಿಎಂ-ಸಿಎಸ್‌ಎಫ್ ಉಣಿಸಿ ಮರಳಿ ದೇಹಕ್ಕೆ ಸೇರಿಸುತ್ತಾರೆ. ಮುಖ್ಯ ಪ್ರಯೋಗದಲ್ಲಿ ಅದು ರೋಗಿಗಳ ಮಧ್ಯಾಂಕ ಆಯುಷ್ಯವನ್ನು ಸುಮಾರು 4 ತಿಂಗಳು ಹೆಚ್ಚಿಸಿತು. ಇದಕ್ಕಿಂತ ಮುಂದೆ ಹೋಗುವುದು ಕಷ್ಟವಾಗಿರುವುದಕ್ಕೆ ಒಂದು ಕಾರಣ ಗೆಡ್ಡೆಯೊಳಗೇ ಇದೆ. ತಟ್ಟೆಯಲ್ಲಿ ಮಾಗಿಸಿದ ಕೋಶ ದೇಹ ಸೇರಿದರೂ, ಅನೇಕ ಕ್ಯಾನ್ಸರ್ ಗೆಡ್ಡೆಗಳು ಇಂಟರ್‌ಲ್ಯೂಕಿನ್-10, ವಿಇಜಿಎಫ್‌ನಂಥ ಪ್ರೋಟೀನ್‌ಗಳನ್ನು ಸ್ರವಿಸಿ ಅಲ್ಲಿನ ಡೆಂಡ್ರಿಟಿಕ್ ಕೋಶಗಳನ್ನು ಮಾಗಲು ಬಿಡುವುದಿಲ್ಲ.