ಕಾರ್ಣಿಕ ಮುಗಿಯಿತು, ಇನ್ನು ಹೆಣಿಗೆ ಕಡ್ಡಿ ಹಿಡಿಯೋಣ

ನವರಾತ್ರಿಯ ಗೊಂಬೆಗಳು ಮತ್ತೆ ಪೆಟ್ಟಿಗೆ ಸೇರುವ ಹೊತ್ತಿಗೆ ನಮ್ಮ ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕವೂ ಮುಗಿದಿರುತ್ತದೆ. ಮಹಾನವಮಿ ಬಯಲಿನಲ್ಲಿ ಕೇಳಿದ ನುಡಿಯನ್ನು ಗಂಡಸರು ಮಳೆ-ಬೆಳೆ ಅಂತ, ರಾಜಕೀಯ ಅಂತ ಬಿಡಿಸಿ ಬಿಡಿಸಿ ಅರ್ಥ ಹೇಳುತ್ತಿರುತ್ತಾರೆ. ಹೆಂಗಸರಾದ ನಮಗೆ ಮಾತ್ರ ಬೇರೆಯೇ ಲೆಕ್ಕ. ಬೆಳಗಿನ ಜಾವ ಮಕ್ಕಳು ಹೊದಿಕೆ ಎಳೆದುಕೊಳ್ಳತೊಡಗಿದರೆ, ಕೊಬ್ಬರಿ ಎಣ್ಣೆ ಶೀಷೆಯಲ್ಲಿ ಗಟ್ಟಿಯಾಗತೊಡಗಿದರೆ ಚಳಿ ಬಂತು ಎಂದೇ ಅರ್ಥ. ಸ್ವೆಟರ್ ಹೆಣೆಯುವವರು ನೂಲು ಕೊಳ್ಳಬೇಕಾದ ಕಾಲವೂ ಇದೇ. ಕಾರ್ತಿಕದಲ್ಲಿ ಕಡ್ಡಿ ಹಿಡಿದರೆ ಧನುರ್ಮಾಸದ ಪೂಜೆಗೆ ಹೋಗುವಾಗ ಮೈಮೇಲೆ ಹೊಸ ಸ್ವೆಟರ್ ಇರುತ್ತದೆ. ಧನುರ್ಮಾಸದಲ್ಲಿ ಶುರು ಮಾಡಿದರೆ ಯುಗಾದಿಯ ಬಿಸಿಲಿನಲ್ಲಿ ತೋಳು ಜೋಡಿಸುತ್ತಾ ಕೂರಬೇಕಾಗುತ್ತದೆ!

ನಮ್ಮ ಪೇಟೆಯಲ್ಲಿ ಬಳೆ, ರಿಬ್ಬನ್ನು, ಟೇಪು ಮಾರುವ ಒಂದು ಫ್ಯಾನ್ಸಿ ಅಂಗಡಿ ಇದೆ. ದಸರಾ ಕಳೆದ ಮೇಲೆ ಅಲ್ಲಿ ಉಲ್ಲನ್ ನೂಲಿನ ಉಂಡೆಗಳು ಬರುತ್ತವೆ. ವಾರಕ್ಕೆರಡು ದಿನ, ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ, ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ನಾವು ಹತ್ತು-ಹನ್ನೆರಡು ಹೆಂಗಸರು ಹೆಣಿಗೆಗೆ ಕೂರುತ್ತೇವೆ. ಫೀಸು ಇಲ್ಲ, ಸರ್ಟಿಫಿಕೇಟೂ ಇಲ್ಲ. ನೂಲು ಅದೇ ಅಂಗಡಿಯಲ್ಲಿ ಕೊಳ್ಳಬೇಕು ಎಂಬುದಷ್ಟೇ ಕರಾರು. ಅಂಗಡಿಯವರಿಗೂ ವ್ಯಾಪಾರ, ನಮಗೂ ಜಾಗ.

“ಏನ್ರೀ, ರೆಡಿಮೇಡ್ ಸ್ವೆಟರ್ ಬೇಕಾದಷ್ಟು ಸಿಗುವಾಗ ಈ ಕಷ್ಟ ಯಾಕೆ?” ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಲೂಧಿಯಾನದ ಮೆಷಿನ್ನಿನಲ್ಲಿ ಹೆಣೆದ ಸ್ವೆಟರುಗಳು ಎಲ್ಲ ಊರಿಗೂ ಬರುತ್ತವೆ. 1960ರಲ್ಲಿ ಬೈಲಕುಪ್ಪೆಯಲ್ಲಿ ನೆಲೆ ಕಂಡ ಟಿಬೆಟಿಯನ್ನರು ಚಳಿಗಾಲ ಬಂತೆಂದರೆ ಊರೂರಿಗೆ ಹೋಗಿ ಸ್ವೆಟರ್ ಅಂಗಡಿ ಹಾಕುವುದನ್ನು ನೀವೂ ನೋಡಿರುತ್ತೀರಿ. ಬೆಲೆಯಲ್ಲಿ ನಾವು ಮೆಷಿನ್ನಿನ ಜೊತೆ ಪಂದ್ಯ ಕಟ್ಟಲಾರೆವು, ಕಟ್ಟಲೂಬಾರದು. ಆದರೆ ಬಾಣಂತಿಯ ಮಗುವಿಗೆ ಅಳತೆಗೆ ಸರಿಯಾದ ಟೋಪಿ, ಉಬ್ಬಸವಿರುವ ಮಾವನವರಿಗೆ ಎದೆ ಮುಚ್ಚುವ ಅರೆತೋಳಿನ ಸ್ವೆಟರ್, ಪಾದ ಊದಿಕೊಳ್ಳುವ ಅತ್ತೆಗೆ ಬಿಗಿಯಾಗದ ಕಾಲುಚೀಲ, ಇವನ್ನು ಯಾವ ಮೆಷಿನ್ನು ಕೇಳಿ ಮಾಡಿಕೊಡುತ್ತದೆ ಹೇಳಿ?

ಕಲಿಸದಿದ್ದರೆ ನಿಂತುಹೋಗುತ್ತದೆ

ನಮ್ಮ ಕೂಟದ ಹಿರಿಯರೊಬ್ಬರಿಗೆ ಎಂಬತ್ತು ದಾಟಿದೆ. ಯಜಮಾನರು ರೈಲ್ವೆಯಲ್ಲಿದ್ದರು. ಬೀರೂರು ಜಂಕ್ಷನ್ ಊರಲ್ಲವೇ, ಕ್ವಾರ್ಟರ್ಸಿನಲ್ಲಿ ಎಲ್ಲ ಸೀಮೆಯ ಸಂಸಾರಗಳೂ ಇದ್ದವು. ಪಕ್ಕದ ಮನೆಯ ಪಂಜಾಬಿ ಹೆಂಗಸಿನಿಂದ ಇವರು ಕಾಲುಚೀಲ ಹೆಣೆಯುವುದನ್ನು ಕಲಿತರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲವಂತೆ, ಎಲ್ಲ ಕೈಸನ್ನೆಯಲ್ಲೇ. ಕಾಲುಚೀಲದಲ್ಲಿ ಕಷ್ಟವಾದದ್ದು ಹಿಮ್ಮಡಿ. ನಾಲ್ಕು ಕಡ್ಡಿಯ ಮೇಲೆ ಸುತ್ತ ಹೆಣೆಯುತ್ತಾ ಬಂದು, ಅರ್ಧ ಕುಣಿಕೆಗಳನ್ನು ಮಾತ್ರ ಹಿಂದೆ-ಮುಂದೆ ಹೆಣೆದು, ಅಂಚಿನಿಂದ ಹೊಸ ಕುಣಿಕೆ ಎತ್ತಿಕೊಂಡು ತಿರುಗಿಸಬೇಕು. ನಮ್ಮೂರಿನಲ್ಲಿ ನಮಗೆ ಗೊತ್ತಿದ್ದವರ ಪೈಕಿ ಇದು ಬರುತ್ತಿದ್ದದ್ದು ಅವರೊಬ್ಬರಿಗೇ.

ಎರಡು ವರ್ಷದ ಕೆಳಗೆ ಅವರಿಗೆ ಕೈನಡುಕ ಶುರುವಾಯಿತು. ಸ್ವಂತ ಹೆಣ್ಣುಮಕ್ಕಳು ಇಬ್ಬರೂ ದೂರದ ಊರುಗಳಲ್ಲಿ, ಇಬ್ಬರೂ ಕಲಿತಿರಲಿಲ್ಲ. “ನನ್ನ ಜೊತೆಗೇ ಹೋಗುತ್ತೆ ಬಿಡಿ ಇದು” ಅಂದರು. ಆ ಮಾತು ನಮಗೆಲ್ಲ ನಾಟಿತು. ಆ ಸಲದ ಕಾರ್ತಿಕದಲ್ಲಿ ನಾವು ಬೇರೆ ಏನೂ ಹೆಣೆಯಲಿಲ್ಲ. ಅವರು ಹೇಳುವುದು, ನಮ್ಮಲ್ಲಿ ಒಬ್ಬಳು ಹೆಣೆಯುವುದು, ಇನ್ನೊಬ್ಬಳು ಮಗನ ಹಳೇ ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆದುಕೊಳ್ಳುವುದು. ಹೀಗೆ ಐದು ವಾರ ಹಿಡಿಯಿತು. ಈಗ ನಮ್ಮಲ್ಲಿ ನಾಲ್ವರಿಗೆ ಹಿಮ್ಮಡಿ ಬರುತ್ತದೆ. ಆ ನೋಟ್‌ಬುಕ್ಕಿನ ಜೆರಾಕ್ಸ್ ಅಂಗಡಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಓದುವ ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಇರಬಹುದು. ಹೆಣಿಗೆಯೇ ಆಗಬೇಕೆಂದಿಲ್ಲ, ಕ್ರೋಷಾ, ಕಸೂತಿ, ಕೌದಿ ಯಾವುದಾದರೂ ಸರಿ. ಅವರ ಕಣ್ಣು-ಕೈ ಆಡುತ್ತಿರುವಾಗಲೇ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ.

ಆ ಒಂದೂವರೆ ಗಂಟೆ

ಹೆಣಿಗೆ ಮನೆಯಲ್ಲೇ ಕುಳಿತು ಮಾಡಬಹುದಲ್ಲ, ಹೊರಗೆ ಯಾಕೆ ಹೋಗಬೇಕು ಎಂಬ ಪ್ರಶ್ನೆ ಬಹಳ ಮನೆಗಳಲ್ಲಿ ಏಳುತ್ತದೆ. ಮನೆಯಲ್ಲಿ ಕುಳಿತರೆ ಹತ್ತು ಸಾಲಿಗೊಮ್ಮೆ ಹಾಲಿನವನು, ಫೋನು, ಕುಕ್ಕರಿನ ಸೀಟಿ. ಕೂಟದಲ್ಲಿ ಕುಳಿತರೆ ಕೈ ಕೆಲಸ ಮಾಡುತ್ತದೆ, ಬಾಯಿ ಹಗುರಾಗುತ್ತದೆ. ಮಗಳ ಮದುವೆಯ ಚಿಂತೆ, ಸಕ್ಕರೆ ಕಾಯಿಲೆಯ ಮಾತ್ರೆ, ತೋಟದಲ್ಲಿ ತೆಂಗಿಗೆ ಬಂದ ನುಸಿ, ಎಲ್ಲವೂ ಅಲ್ಲಿ ಬರುತ್ತದೆ. ಕಣ್ಣು ಕಡ್ಡಿಯ ಮೇಲಿರುವುದರಿಂದ ಮುಖ ನೋಡಿ ಹೇಳಲಾಗದ್ದನ್ನೂ ಹೇಳಿಬಿಡಬಹುದು.

ನಮ್ಮ ಪಕ್ಕದ ಬೀದಿಯ ಒಬ್ಬ ಸೊಸೆಗೆ ಮೊದಲು ಬರಲು ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. “ಹರಟೆಗೆ ಹೋಗ್ತಾಳೆ” ಎಂಬ ಅನುಮಾನ. ನಾವು ಒಂದು ಉಪಾಯ ಮಾಡಿದೆವು. ಅವಳ ಅತ್ತೆಯವರನ್ನೇ ಕರೆದೆವು! ಅವರು ಎರಡು ದಿನ ಸುಮ್ಮನೆ ನೋಡಿದರು, ಮೂರನೇ ದಿನ “ನಂಗೂ ಒಂದು ಜೊತೆ ಕಡ್ಡಿ ಕೊಡ್ರಮ್ಮ” ಅಂದರು. ಈಗ ಅತ್ತೆ ಒಂದು ದಿನ, ಸೊಸೆ ಒಂದು ದಿನ ಬರುತ್ತಾರೆ. ಮನೆ ಕಾಯುವ ಸರದಿಯೂ ಹಂಚಿಕೆಯಾಯಿತು.

ಹೆಂಗಸರು ಒಟ್ಟಿಗೆ ಕೂತು ಹೆಣೆದರೆ ಏನಾಗಬಹುದು ಎಂಬುದಕ್ಕೆ ದೊಡ್ಡ ಉದಾಹರಣೆಯೂ ಇದೆ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಬಳಗದವರು, ಬೇರೆ ಬೇರೆ ಊರಿನವರು ಹೆಣೆದ ಚೌಕಗಳನ್ನು ಜೋಡಿಸಿ 11 ಸಾವಿರ ಚದರ ಮೀಟರಿಗೂ ದೊಡ್ಡದಾದ ಕ್ರೋಷಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದರು. ನಮಗೆ ದಾಖಲೆ ಬೇಡ, ಒಂದು ಚಾಪೆ ಸಾಕು.

ನೂಲು ಕೊಳ್ಳುವಾಗ

ಕಡೂರು ಕಡೆಯ ಬಯಲಿನಲ್ಲಿ ಕುರಿ ಹಿಂಡುಗಳಿವೆ, ಆ ಉಣ್ಣೆಯಲ್ಲೇ ಸ್ವೆಟರ್ ಹೆಣೆಯಬಾರದೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಕಡೆಯ ಕುರಿಯ ಉಣ್ಣೆ ಒರಟು, ಬರಿಮೈಗೆ ಚುಚ್ಚುತ್ತದೆ. ಅದು ಕಂಬಳಿಗೆ ಹೇಳಿ ಮಾಡಿಸಿದ್ದು. ಚಳ್ಳಕೆರೆ ಸೀಮೆಯಲ್ಲಿ ನೇಯುವಾಗ ಹಾಸಿನ ಎಳೆಗೆ ಹುಣಿಸೆ ಬೀಜದ ಗಂಜಿ ಕೊಟ್ಟು ಗಟ್ಟಿ ಮಾಡುತ್ತಾರೆ. ಮೈಲಾರನ ಗೊರವರು ಧರಿಸುವ ಕರಿ ಕಂಬಳಿ ಮಳೆ-ಗಾಳಿಗೆ ಜಗ್ಗದಿರುವುದು ಉಣ್ಣೆಯ ಈ ಗುಣದಿಂದಲೇ. ಸ್ವೆಟರಿಗೆ ಬೇಕಾದ್ದು ಮೆರಿನೋದಂಥ ನಯವಾದ ಉಣ್ಣೆ.

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದರಲ್ಲಿ ಬಹುಪಾಲು ಈಗ ಅಕ್ರಿಲಿಕ್. ಅದು ಪೆಟ್ರೋಲಿಯಂನಿಂದ ತಯಾರಾಗುವ ನೂಲು. ಬೆಲೆ ಕಡಿಮೆ, ಬಣ್ಣ ಚೆನ್ನ, ನುಸಿ ಹಿಡಿಯದು, ಒಗೆಯುವುದು ಸುಲಭ. ಆದರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಆದ್ದರಿಂದ ಅಕ್ರಿಲಿಕ್ ಶಾಲು ಹೊದ್ದು ಒಲೆಯ ಮುಂದೆ ನಿಲ್ಲಬೇಡಿ, ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅದರಲ್ಲಿ ಹೆಣೆಯಲೇಬೇಡಿ. ಅದಕ್ಕೆ ಹತ್ತಿ ನೂಲೇ ಸರಿ.

ಗುರುತು ಹಿಡಿಯುವುದು ಹೇಗೆ? ಒಂದು ಸಣ್ಣ ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲು ಹತ್ತಿರ ಇಟ್ಟುಕೊಂಡು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ಕಾದರೆ ಕರಗಿ, ತಣಿದ ಮೇಲೆ ಗಟ್ಟಿ ಕರಿ ಮಣಿಯಾಗುತ್ತದೆ. ಶುದ್ಧ ಉಣ್ಣೆ ಎಂದು ಹೆಚ್ಚು ಬೆಲೆ ಕೊಡುವುದಾದರೆ ಲೇಬಲ್ಲಿನಲ್ಲಿ 1964ರಿಂದ ಬಳಕೆಯಲ್ಲಿರುವ ವುಲ್‌ಮಾರ್ಕ್ ಗುರುತು ಇದೆಯೇ ನೋಡಿ.

ಈಚೆಗೆ ಬಂದಿರುವ ಹೊಸ ನೂಲುಗಳಲ್ಲಿ ‘ಮಿಲ್ಕ್ ಕಾಟನ್’ ಮೆತ್ತಗಿದೆ, ಮಕ್ಕಳ ಬಟ್ಟೆಗೆ ಚೆನ್ನ. ಹೆಸರು ಕೇಳಿ ಪೂರ್ತಿ ಹತ್ತಿ ಎಂದುಕೊಳ್ಳಬೇಡಿ. ಹತ್ತಿಯ ಜೊತೆ ಅಕ್ರಿಲಿಕ್ ಬೆರೆತಿರುವುದೇ ಸಾಮಾನ್ಯ, ಲೇಬಲ್ ಓದಿ. ಬಿದಿರಿನ ನೂಲು ತಂಪು, ಹೊಳಪು. ಆದರೆ ಒಗೆದಾಗ ಜಗ್ಗಿ ಉದ್ದವಾಗುತ್ತದೆ. ವೆಲ್ವೆಟ್ಟಿನಂತಿರುವ ಶೆನೀಲ್ ನೂಲು ಕಣ್ಣಿಗೆ ಸೊಗಸು, ಆದರೆ ಕುಣಿಕೆ ಕಾಣಿಸದು. ಹೊಸಬರು ಅದರ ತಂಟೆಗೆ ಹೋಗದಿರುವುದೇ ಮೇಲು.

ಇನ್ನೊಂದು ಮುಖ್ಯ ವಿಷಯ. ಒಂದು ಉಡುಪಿಗೆ ಬೇಕಾದಷ್ಟು ನೂಲನ್ನು ಒಂದೇ ಸಲ ಕೊಳ್ಳಿ. ಲೇಬಲ್ಲಿನಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ ಇರುತ್ತದೆ, ಅದು ಎಲ್ಲ ಉಂಡೆಗಳಲ್ಲೂ ಒಂದೇ ಇರಬೇಕು. ಇಲ್ಲವಾದರೆ ಬೆನ್ನು ಒಂದು ಬಣ್ಣ, ತೋಳು ಇನ್ನೊಂದು ಬಣ್ಣ!

ಕಡ್ಡಿಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಬಳಕೆಯಲ್ಲಿರುವ ಹಳೇ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8 ನಂಬರ್ ಎಂದರೆ 4 ಮಿಲಿಮೀಟರ್, 10 ನಂಬರ್ ಎಂದರೆ 3.25 ಮಿಲಿಮೀಟರ್. ಹೊಸಬರಿಗೆ 8 ನಂಬರೇ ಸಲೀಸು. ಊಟಿ ಪಕ್ಕದ ಕೇತಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳು ಬಹಳ ಮನೆಗಳಲ್ಲಿ ಅಮ್ಮನ ಕಾಲದಿಂದಲೂ ಇವೆ.

ಮೊದಲ ಪಾಠಕ್ಕೆ ಮಗುವಿನ ಟೋಪಿ

ಕಲಿಯುವವರಿಗೆ ನಾವು ಸ್ವೆಟರಿನಿಂದ ಶುರು ಮಾಡಿಸುವುದಿಲ್ಲ. ಒಂದು ವಾರ ಸೀದಾ, ಒಂದು ವಾರ ಉಲ್ಟಾ, ಮೂರನೇ ವಾರ ಎರಡನ್ನೂ ಸೇರಿಸಿದ ಪಟ್ಟಿ. ಆಮೇಲೆ ಈ ಟೋಪಿ. ಮೂರು ತಿಂಗಳೊಳಗಿನ ಮಗುವಿಗೆ ಆಗುತ್ತದೆ.

ಬೇಕಾದ್ದು: 4 ಪ್ಲೈ ಬೇಬಿ ನೂಲು 50 ಗ್ರಾಂ (ಸ್ವಲ್ಪ ಉಳಿಯುತ್ತದೆ), 10 ನಂಬರ್ ಕಡ್ಡಿ ಒಂದು ಜೊತೆ, ದಪ್ಪ ಕಣ್ಣಿನ ಸೂಜಿ. ಹೆಣೆದದ್ದರಲ್ಲಿ ಒಂದು ಇಂಚಿಗೆ 6 ಕುಣಿಕೆ ಬರಬೇಕು.

ವಿಧಾನ: 80 ಕುಣಿಕೆ ಹಾಕಿ. ಒಂದು ಸೀದಾ, ಒಂದು ಉಲ್ಟಾದಂತೆ 1 ಇಂಚು ಪಟ್ಟಿ ಹೆಣೆಯಿರಿ. ನಂತರ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡುತ್ತಾ, ಪಟ್ಟಿಯೂ ಸೇರಿ ಒಟ್ಟು 4 ಇಂಚು ಬರುವವರೆಗೆ ಹೆಣೆದು ಉಲ್ಟಾ ಸಾಲಿಗೆ ನಿಲ್ಲಿಸಿ. ಈಗ ಇಳಿಸುವುದು. 8 ಸೀದಾ, 2 ಕೂಡಿಸಿ ಒಂದು. ಇದನ್ನೇ ಸಾಲಿನ ಕೊನೆಯವರೆಗೆ ಮಾಡಿದರೆ 72 ಉಳಿಯುತ್ತವೆ. ಮುಂದಿನ ಸಾಲು ಉಲ್ಟಾ. ಆಮೇಲೆ 7 ಸೀದಾ, 2 ಕೂಡಿಸಿ ಒಂದು, 64 ಉಳಿಯುತ್ತವೆ. ಹೀಗೆ ಪ್ರತಿ ಸೀದಾ ಸಾಲಿನಲ್ಲೂ ನಡುವಿನ ಒಂದು ಕುಣಿಕೆ ಕಡಿಮೆ ಮಾಡುತ್ತಾ ಹೋಗಿ. ಕೊನೆಯ ಸೀದಾ ಸಾಲಿನಲ್ಲಿ ಎಲ್ಲವನ್ನೂ ಎರಡೆರಡು ಕೂಡಿಸಿದರೆ 8 ಉಳಿಯುತ್ತವೆ. ನೂಲನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ಸೂಜಿಯಿಂದ ಆ ಎಂಟರೊಳಗೆ ಪೋಣಿಸಿ ಬಿಗಿದು, ಬದಿಯನ್ನು ಹೊಲಿಯಿರಿ. ಕತ್ತಿಗೆ ಕಟ್ಟುವ ದಾರ ಇಡಬೇಡಿ, ಮಗುವಿನ ಕುತ್ತಿಗೆಗೆ ಸುತ್ತಿಕೊಂಡೀತು.

ಒಗೆಯುವುದು, ಎತ್ತಿಡುವುದು

ಉಣ್ಣೆಯದಾದರೆ ಬೆಚ್ಚಗಿನ ನೀರಿಗೆ ಅಂಟುವಾಳದ ನೊರೆ ಹಾಕಿ ಮೃದುವಾಗಿ ಅದುಮಿ ತೆಗೆಯಿರಿ. ತಿಕ್ಕುವುದು, ಹಿಂಡುವುದು ಕೂಡದು. ಒಣ ಟವಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ತಂತಿಗೆ ನೇತುಹಾಕಿದರೆ ಜಗ್ಗುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿಸಿ, ಒಣಗಿದ ಬೇವಿನ ಎಲೆಯೊಂದಿಗೆ ಹಳೇ ಪಂಚೆಯಲ್ಲಿ ಕಟ್ಟಿಡಿ.

ಕೈಕೂಲಿಯ ಮಾತು

ಕಲಿತ ಮೇಲೆ “ನಮಗೂ ಒಂದು ಹೆಣೆದುಕೊಡಿ” ಎಂದು ಕೇಳುವವರು ಬಂದೇ ಬರುತ್ತಾರೆ. ಬಂಧು-ಬಳಗಕ್ಕೆ ಪ್ರೀತಿಯಿಂದ ಕೊಡುವುದು ಬೇರೆ. ಆದರೆ ಸಂಪಾದನೆಗೆಂದು ಹೆಣೆಯುವವರು ಸಂಕೋಚ ಬಿಡಬೇಕು. ನೂಲಿನ ಬೆಲೆ ಇಷ್ಟು, ಕೈಕೂಲಿ ಇಷ್ಟು ಎಂದು ಎರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಮೊದಲೇ ಕೊಡಿ. ಎಷ್ಟು ಗಂಟೆ ಹಿಡಿಯಿತು ಎಂದು ಒಂದು ಸಲ ಗಡಿಯಾರ ನೋಡಿ ಲೆಕ್ಕ ಇಟ್ಟರೆ ಕೂಲಿ ಎಷ್ಟು ಕೇಳಬೇಕೆಂಬುದು ನಿಮಗೇ ತಿಳಿಯುತ್ತದೆ. ನಮ್ಮ ಕೂಟದ ಒಬ್ಬಾಕೆ ಗಂಡನನ್ನು ಕಳೆದುಕೊಂಡವಳು. ಮೊದಲು ಕೊಟ್ಟಷ್ಟು ಇಸಿದುಕೊಳ್ಳುತ್ತಿದ್ದಳು. ಈಗ ನಾವೆಲ್ಲ ಸೇರಿ ಟೋಪಿಗೆ, ಅರೆತೋಳಿಗೆ, ಪೂರ್ತಿ ತೋಳಿಗೆ ಒಂದೊಂದು ದರ ಗೊತ್ತು ಮಾಡಿ ಅಂಗಡಿಯ ಗೋಡೆಗೆ ಅಂಟಿಸಿದ್ದೇವೆ. ಒಬ್ಬಳೇ ಹೇಳಿದರೆ ಚೌಕಾಸಿ, ಗೋಡೆ ಹೇಳಿದರೆ ಯಾರೂ ಮಾತಾಡುವುದಿಲ್ಲ.

ನಿಮ್ಮ ಊರಿನಲ್ಲಿ ನೂಲಿನ ಅಂಗಡಿಯೇ ಇಲ್ಲ ಎನ್ನುತ್ತೀರಾ? ನಾಲ್ಕು ಜನ ಸೇರಿ ಹತ್ತಿರದ ಫ್ಯಾನ್ಸಿ ಅಂಗಡಿಯವರನ್ನು ಕೇಳಿ. ಇಷ್ಟು ಉಂಡೆ ಖಂಡಿತ ಕೊಳ್ಳುತ್ತೇವೆ ಎಂದು ಮಾತು ಕೊಟ್ಟರೆ ಬೆಂಗಳೂರಿನ ಚಿಕ್ಕಪೇಟೆಗೆ ಸರಕಿಗೆ ಹೋದಾಗ ಅವರೂ ತಂದಾರು. ಜಾಗಕ್ಕೆ ಮಹಿಳಾ ಸಮಾಜವೋ, ದೇವಸ್ಥಾನದ ಪಡಸಾಲೆಯೋ, ಯಾರದಾದರೂ ಮನೆಯ ಜಗುಲಿಯೋ ಆದೀತು. ಮಧ್ಯಾಹ್ನದ ಬೆಳಕಿನಲ್ಲೇ ಕೂರಿ. ನಲವತ್ತು ದಾಟಿದ ಕಣ್ಣಿಗೆ ರಾತ್ರಿ ಹೊತ್ತು ಕಪ್ಪು ನೂಲು ಬೇಡ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿಕೊಳ್ಳಿ. ಬರುವ ಪ್ರತಿಯೊಬ್ಬರೂ ತಮಗೆ ಬಂದದ್ದನ್ನು ಇನ್ನೊಬ್ಬರಿಗಾದರೂ ಕಲಿಸಬೇಕು ಎಂಬ ಒಂದೇ ನಿಯಮ ಇಟ್ಟುಕೊಳ್ಳಿ. ದೀಪಾವಳಿಗೆ ಶುರು ಮಾಡಿದರೆ ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ನಿಮ್ಮ ಬೀದಿಯ ಒಂದು ಮಗುವಿನ ತಲೆಯ ಮೇಲಾದರೂ ನೀವು ಹೆಣೆದ ಟೋಪಿ ಇರುತ್ತದೆ.